ವಕೀಲರ ಕಟ್ಟೆ: ಹರಿದ ದಾರ ಯಾರ ಲೆಕ್ಕಕ್ಕೆ?

ಈ ತಿಂಗಳು ಕಟ್ಟೆಗೆ ಬಂದ ಪತ್ರಗಳಲ್ಲಿ ಎರಡು ಆಕಾಶದಿಂದಲೇ ಬಿದ್ದಿವೆ. ಒಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ, ಇನ್ನೊಂದು ಅರಸೀಕೆರೆಯಿಂದ. ಹಾಗಾಗಿ ದಾರಿ ತಕರಾರು, ಚೆಕ್ ಬೌನ್ಸ್, ಸೈಟು ಕೊಡದ ಬಿಲ್ಡರ್ ಇವೆಲ್ಲ ಮುಂದಿನ ಸಂಚಿಕೆಗೆ. ಬೇಜಾರು ಮಾಡ್ಕೋಬೇಡಿ. ಪ್ಯಾರಾಚೂಟ್ ವಿಷಯ ಬಂದರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಕರಿಕೋಟು ಹಾಕುವ ಮುಂಚೆ ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಸೇಫ್ಟಿ ಎಕ್ವಿಪ್‌ಮೆಂಟ್ ಟ್ರೇಡಿನಲ್ಲಿದ್ದೆ. ಹಾರುವವರು ಬೇರೆ. ಅವರ ಪ್ಯಾರಾಚೂಟ್ ಮಡಚಿ ಲಾಗ್ ಕಾರ್ಡಿಗೆ ಸಹಿ ಹಾಕುವವನು ನಾನು.

ಪ್ರಶ್ನೆ: ಮಾನ್ಯ ವಕೀಲರೇ, ನನ್ನ ಮಗನಿಗೆ 27 ವರ್ಷ. ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ಸ್ಕೈಡೈವಿಂಗ್ ಹುಚ್ಚು. 160 ಸಲ ಹಾರಿದ್ದಾನೆ. ಹೋದ ತಿಂಗಳು ಇಳಿಯುವಾಗ, ನೆಲ ಇನ್ನು ಹತ್ತು ಹದಿನೈದು ಅಡಿ ಇದೆ ಅನ್ನುವಾಗ, ಎಡಗಡೆಯ ಬ್ರೇಕ್ ದಾರ ತುಂಡಾಯಿತು. ಪ್ಯಾರಾಚೂಟ್ ಬಲಕ್ಕೆ ತಿರುಗಿ ಜೋರಾಗಿ ಬಿದ್ದ. ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಪ್ಯಾರಾಚೂಟ್ ಸೆಕೆಂಡ್ ಹ್ಯಾಂಡ್, 150 ಅಳತೆಯದು, ಪರಿಚಯದವನಿಂದ ಕೊಂಡದ್ದು. ಮಗನ ತೂಕ 84 ಕೆಜಿ. ಡ್ರಾಪ್‌ಝೋನ್‌ನವರು (ಹಾರಿಸುವ ಜಾಗ ನಡೆಸುವವರು) ಪುಟಗಟ್ಟಲೆ ಸಹಿ ಹಾಕಿಸಿಕೊಂಡಿದ್ದಾರೆ. ಪ್ಯಾರಾಚೂಟಿನ ಮೇಲೆಯೇ 'ಅಪಾಯವಿದೆ, ಯಾವ ಖಾತರಿಯೂ ಇಲ್ಲ' ಎಂಬ ಲೇಬಲ್ ಇದೆ. ನನ್ನ ಹೆಂಡತಿ 'ಹಾರು ಅಂತ ಕಂಪನಿಯವರು ಬಂದು ಹೇಳಿದ್ರಾ?' ಅನ್ನುತ್ತಾಳೆ. ನನಗೆ ಕಂಪನಿಯನ್ನು ಸುಮ್ನೆ ಬಿಡಬಾರದು ಅನ್ನಿಸುತ್ತದೆ. ಮಗನ ಗೆಳೆಯರು ಪಾಪ, ಪ್ಯಾರಾಚೂಟ್ ತೊಳೆದು ಹೊಸ ದಾರ ಹಾಕಿಸಿಕೊಡುತ್ತೇವೆ ಎಂದಿದ್ದಾರೆ. ದಾರಿ ತೋರಿಸಿ.
*ಹೆಸರು ಬೇಡ, ಫ್ರೀಮಾಂಟ್*

ಉತ್ತರ: ಸ್ವಾಮಿ, ಕಾನೂನು ಆಮೇಲೆ. ಮೊದಲು ಆ ಗೆಳೆಯರನ್ನು ತಡೆಯಿರಿ. ಪತ್ರ ಬಂದ ದಿನವೇ ನಿಮಗೆ ಇಮೇಲ್ ಕಳಿಸಿದ್ದೆ, ಇಲ್ಲಿ ಎಲ್ಲರಿಗೋಸ್ಕರ ಮತ್ತೆ ಬರೆಯುತ್ತಿದ್ದೇನೆ. ತೊಳೆಯುವುದು ಬೇಡ, ಹೊಸ ದಾರ ಬೇಡ, ನೀಟಾಗಿ ಮಡಚಿಡುವುದೂ ಬೇಡ. ಬಿದ್ದ ದಿನ ಹೇಗಿತ್ತೋ ಹಾಗೇ ದೊಡ್ಡ ಚೀಲಕ್ಕೆ ತುಂಬಿ ಬಿಸಿಲು ಬೀಳದ ಕಡೆ ಇಡಿ. ಮಣ್ಣು ಮೆತ್ತಿದ್ದರೆ ಮೆತ್ತಿರಲಿ. ತುಂಡಾದ ಎರಡೂ ತುದಿಗಳ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ಇದ್ದರೆ ಎರಡು ಕಡೆ ಪ್ರತಿ ಇಡಿ.

ಮೈಸೂರಿನಲ್ಲಿ ನನ್ನ ಹತ್ತಿರ ಒಬ್ಬರು ಕುಕ್ಕರ್ ಸಿಡಿದ ಕೇಸು ತಂದಿದ್ದರು. ಮುಖ, ಕೈ ಸುಟ್ಟಿತ್ತು. ಕುಕ್ಕರ್ ಎಲ್ಲಿ ಅಂದರೆ, ಅಳಿಯ ಅದನ್ನು ರಿಪೇರಿ ಅಂಗಡಿಗೆ ಕೊಟ್ಟು ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಹಾಕಿಸಿ, ಬೂದಿ ಹಾಕಿ ತಿಕ್ಕಿ ಫಳಫಳ ಹೊಳೆಯುವ ಹಾಗೆ ಮಾಡಿದ್ದ. ಸಿಡಿದ ವಾಲ್ವ್ ಗುಜರಿಗೆ ಹೋಗಿತ್ತು. ಕೇಸು ಅಲ್ಲಿಗೇ ಮುಗಿಯಿತು. ಒಳ್ಳೆ ಮನಸ್ಸಿನ ನೆಂಟರು ಹಾಳು ಮಾಡುವಷ್ಟು ಸಾಕ್ಷಿಯನ್ನು ಎದುರು ಪಾರ್ಟಿಯೂ ಹಾಳು ಮಾಡುವುದಿಲ್ಲ.

ಈಗ ಆ ತುದಿಯ ವಿಷಯ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ, ಒಂದಿಂಚು ದಾರದಲ್ಲಿ. ಬ್ರೇಕ್ ದಾರ ಪ್ಯಾರಾಚೂಟಿನ ಹಿಂಬದಿ ಅಂಚಿನಿಂದ ಇಳಿದು, ಭುಜದ ಮೇಲಿನ ಪಟ್ಟಿಗೆ ಹೊಲಿದ ಒಂದು ಸಣ್ಣ ರಿಂಗಿನೊಳಗೆ ನುಸುಳಿ, ಕೈಹಿಡಿಗೆ ಬರುತ್ತದೆ. ಪ್ರತಿ ಸಲ ಎಳೆದಾಗಲೂ ಆ ರಿಂಗಿಗೆ ಉಜ್ಜುತ್ತದೆ. ಅದು ಸಾಲದು ಅಂತ, ಪ್ಯಾರಾಚೂಟ್ ಬಿಚ್ಚುವಾಗ ಸ್ಲೈಡರ್ ಎಂಬ ಚೌಕ ಬಟ್ಟೆ ದಾರಗಳ ಉದ್ದಕ್ಕೂ ಸರ್ರನೆ ಇಳಿಯುತ್ತದಲ್ಲ, ಆ ಉಜ್ಜಾಟದ ಬಿಸಿಗೆ ಸ್ಪೆಕ್ಟ್ರಾ ಜಾತಿಯ ದಾರ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ವೆಕ್ಟ್ರಾನ್ ಎಂಬ ಇನ್ನೊಂದು ಜಾತಿ ಕುಗ್ಗುವುದಿಲ್ಲ, ಆದರೆ ಸವೆದು ಒಂದು ದಿನ ಪಟ್ಟನೆ ಹೋಗುತ್ತದೆ. ಅದಕ್ಕೇ ಕೆಲವು ನೂರು ಜಂಪ್ ಆದಮೇಲೆ ದಾರ ಬದಲಾಯಿಸಿ ಎಂದು ತಯಾರಕರ ಕೈಪಿಡಿ ಹೇಳುತ್ತದೆ.

ಹಾಗಾಗಿ ತುದಿ ನೋಡಿ. ಹಳೇ ಬಾವಿಹಗ್ಗದ ಹಾಗೆ ಜುಂಗುಜುಂಗಾಗಿದೆಯೇ? ಮುರಿದ ಜಾಗ ರಿಂಗಿನ ಹತ್ತಿರವೇ ಇದೆಯೇ? ಹಾಗಿದ್ದರೆ ಅದು ಸವೆತ. ಸವೆತ ದೋಷವಲ್ಲ, ಸೈಕಲ್ ಟೈರ್ ಸವೆದ ಹಾಗೆ. ದಾರ ಬದಲಾಯಿಸಬೇಕಿದ್ದವನು ಯಜಮಾನ. ಆದರೆ ದಾರವನ್ನು ದಾರದೊಳಗೇ ತೂರಿಸಿ ಹೊಲಿದ ಗಂಟಿನ ಜಾಗ ಇರುತ್ತದೆ. ಅಲ್ಲಿ ಹೊಲಿಗೆ ಬಿಟ್ಟು ಜಾರಿದೆಯೇ? ಎಡಗಡೆ ಹೊಲಿಗೆ ಬಲಗಡೆಗಿಂತ ಗಿಡ್ಡ ಇದೆಯೇ? ಹಾಗಿದ್ದರೆ ಅದನ್ನು ಹೊಲಿದವರು ಯಾರು ಅಂತ ಕೇಳಬೇಕು. ಕಂಪನಿಯೇ ಆಗಿರಬೇಕೆಂದಿಲ್ಲ. ಮಾರಿದವನು ನಡುವೆ ಯಾವುದೋ ರಿಗ್ಗರ್ (ಪ್ಯಾರಾಚೂಟ್ ಮಡಚುವ, ರಿಪೇರಿ ಮಾಡುವ ಪರಿಣತ) ಹತ್ತಿರ ಹೊಸ ದಾರ ಹಾಕಿಸಿದ್ದರೆ ಆ ಹೊಲಿಗೆ ರಿಗ್ಗರ್‌ನದು.

ಇದನ್ನು ನಾನು ಮೈಸೂರಿನಲ್ಲಿ ಕೂತು ಹೇಳುವುದಲ್ಲ, ನೀವು ಬರಿಗಣ್ಣಲ್ಲಿ ತೀರ್ಮಾನಿಸುವುದೂ ಅಲ್ಲ. ಅಲ್ಲಿನ ಮಾಸ್ಟರ್ ರಿಗ್ಗರ್ ಒಬ್ಬರಿಗೆ ತೋರಿಸಿ. ಬರಹದಲ್ಲಿ ವರದಿ ತೆಗೆದುಕೊಳ್ಳಿ. ನಿಮ್ಮ ಮಗನ ಗೆಳೆಯನಲ್ಲದ ರಿಗ್ಗರ್ ಆಗಿರಲಿ.

ನಿಮ್ಮ ಪತ್ರದಲ್ಲಿ ಇಬ್ಬರೇ ಇದ್ದಾರೆ, ಮಗ ಮತ್ತು ಕಂಪನಿ. ನಿಜವಾಗಿ ಅಲ್ಲಿ ಐದಾರು ಜನ ನಿಂತಿದ್ದಾರೆ. ಬಟ್ಟೆ ಹೊಲಿದವರು, ದಾರ ಹಾಕಿದವರು, ಮಾರಿದವನು, ಮಡಚಿದವನು, ಹಾರಲು ಬಿಟ್ಟವರು, ಹಾರಿದವನು. ಅಮೆರಿಕದ ವಿಮಾನಯಾನ ನಿಯಮ, ಅದರ 105ನೇ ಭಾಗ, ಇಲ್ಲಿ ಒಂದು ಗೆರೆ ಎಳೆದಿದೆ. ಆಪತ್ತಿನ ಎರಡನೇ ಪ್ಯಾರಾಚೂಟ್, ಅಂದರೆ ರಿಸರ್ವ್, ಇದನ್ನು ಲೈಸೆನ್ಸ್ ಇರುವ ರಿಗ್ಗರ್ ಮಾತ್ರ ಮಡಚಬೇಕು. 180 ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಮಡಚಿ, ಕೆಂಪು ದಾರ ಕಟ್ಟಿ ಸೀಸದ ಮುದ್ರೆ ಒತ್ತಿ, ಕಾರ್ಡಿನಲ್ಲಿ ಸಹಿ ಹಾಕಬೇಕು. ದಿನಾ ಬಳಸುವ ಮೇನ್ ಪ್ಯಾರಾಚೂಟನ್ನು ಮಾತ್ರ ಹಾರುವವನೇ ಮಡಚಿಕೊಳ್ಳಬಹುದು. ನಿಮ್ಮ ಮಗನಿಗೆ ಕೈಕೊಟ್ಟದ್ದು ಮೇನ್. ಅವನು ಅದನ್ನು ಎಷ್ಟು ಸಲ ಮಡಚಿದ್ದಾನೆ? ಪ್ರತಿ ಸಲವೂ ಆ ದಾರ ಅವನ ಬೆರಳ ನಡುವೆ ಹಾದುಹೋಗಿದೆ. ಎದುರು ವಕೀಲ ಮೊದಲು ಕೇಳುವ ಪ್ರಶ್ನೆ ಇದೇ.

ಇನ್ನು ಆ ಸಹಿ. ಹೆಂಡತಿಯ ಮಾತಿಗೂ ನಿಮ್ಮ ಮಾತಿಗೂ ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ ಒಂದೊಂದು ತೀರ್ಪು ಇದೆ. (ಮಗಳ ಬಾಣಂತನಕ್ಕೆ ಹೋಗಿದ್ದಾಗ ಆರು ತಿಂಗಳು ನನಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ. ಲೈಬ್ರರಿಯಲ್ಲಿ ಕೂತು ಓದಿದ್ದು.)

ಹೆಂಡತಿಯ ಕಡೆಗೆ 1985ರ ಎಲ್ಸಿನೋರ್ ಪ್ಯಾರಾಚೂಟ್ ಸೆಂಟರ್ ಪ್ರಕರಣ. ಮೊದಲ ಸಲ ಹಾರಿದವನೊಬ್ಬ ಕರೆಂಟು ತಂತಿಗೆ ತಗುಲಿಯೂ ಪುಣ್ಯಕ್ಕೆ ಮಣಿಕಟ್ಟು ಮುರಿದುಕೊಂಡು ಬದುಕಿದ. ಸೆಂಟರ್ ಮೇಲೆ ದಾವೆ ಹಾಕಿದ. ಹಾರುವ ಮುಂಚೆ ಅವನು ಸಹಿ ಹಾಕಿದ್ದ ಕಾಗದ ಅವನನ್ನೇ ಕಟ್ಟಿಹಾಕಿತು. ಬರಹ ಸ್ಪಷ್ಟವಾಗಿತ್ತು, ಹಾರಲೇಬೇಕು ಎಂದು ಯಾರೂ ಬಲವಂತ ಮಾಡಿರಲಿಲ್ಲ, ಹಾಗಾಗಿ ಕರಾರು ಕರಾರೇ ಎಂದಿತು ಕೋರ್ಟು.

ನಿಮ್ಮ ಕಡೆಗೆ 1963ರ ಯೂಬಾ ಪವರ್ ಪ್ರಾಡಕ್ಟ್ಸ್ ಪ್ರಕರಣ. ಒಬ್ಬಾಕೆ ಗಂಡನಿಗೆ ಕ್ರಿಸ್‌ಮಸ್‌ಗೆಂದು ಮರಗೆಲಸದ ಮಿಷನ್ ಕೊಡಿಸಿದಳು. ಮರದ ತುಂಡು ಮಿಷನ್‌ನಿಂದ ಎಗರಿ ಅವನ ಹಣೆಗೆ ಬಡಿಯಿತು. ತುಂಡನ್ನು ಬಿಗಿಹಿಡಿಯಬೇಕಿದ್ದ ಸ್ಕ್ರೂಗಳೇ ಸರಿಯಿರಲಿಲ್ಲ. ನ್ಯಾಯಮೂರ್ತಿ ರೋಜರ್ ಟ್ರೇನರ್ ಹೇಳಿದ್ದು ಇಷ್ಟು: ದೋಷ ಇರುವ ಸರಕನ್ನು ಮಾರುಕಟ್ಟೆಗೆ ಬಿಟ್ಟು ಅದರಿಂದ ಮನುಷ್ಯನಿಗೆ ಪೆಟ್ಟಾದರೆ ತಯಾರಕ ಹೊಣೆ. ಅವನು ಅಜಾಗರೂಕನಾಗಿದ್ದನೇ ಅಂತ ಸಾಬೀತು ಮಾಡುವ ಕಷ್ಟ ಪೆಟ್ಟು ತಿಂದವನಿಗೆ ಬೇಡ. ಅಂಗಡಿಯಿಂದ ನೀನೇ ಕೊಂಡಿದ್ದೀಯಾ ಎಂದೂ ಕೇಳಬೇಕಿಲ್ಲ. ಆದ್ದರಿಂದ ನಿಮ್ಮ ಮಗನದು ಸೆಕೆಂಡ್ ಹ್ಯಾಂಡ್ ಅನ್ನುವ ಒಂದೇ ಕಾರಣಕ್ಕೆ ಕಂಪನಿ ತಪ್ಪಿಸಿಕೊಳ್ಳಲಾರದು.

ಎರಡೂ ಎದುರುಬದುರಾದದ್ದು 1993ರಲ್ಲಿ, ಸ್ಕೀಯಿಂಗ್ (ಹಿಮದ ಮೇಲೆ ಜಾರುವ ಆಟ) ಪ್ರಕರಣವೊಂದರಲ್ಲಿ. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಬಿಚ್ಚಿಕೊಳ್ಳಬೇಕಾದಾಗ ಬಿಚ್ಚಿಕೊಳ್ಳಲಿಲ್ಲ ಎಂದು ದಾವೆ. ಬಾಡಿಗೆ ಅಂಗಡಿಯ ಕಾಗದಕ್ಕೆ ಸಹಿ ಬಿದ್ದಿತ್ತು. ಅಂಗಡಿಯವನ ಅಜಾಗರೂಕತೆಗೆ ಆ ಸಹಿ ಕೊಡೆ ಹಿಡಿಯಿತು. ಸರಕಿನ ದೋಷಕ್ಕೆ ಹಿಡಿಯಲಿಲ್ಲ. ನಿಮಗೆ ಬೇಕಾದ ಗೆರೆ ಇದು. ಡ್ರಾಪ್‌ಝೋನ್ ಕಾಗದ ಡ್ರಾಪ್‌ಝೋನ್‌ನವರನ್ನು ಬಹುಮಟ್ಟಿಗೆ ಕಾಪಾಡುತ್ತದೆ. ತೀರಾ ಅತಿರೇಕದ ನಿರ್ಲಕ್ಷ್ಯ ಇದ್ದರೆ ಅವರನ್ನೂ ಕಾಪಾಡದು, 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಹೊಲಿಗೆಯೇ ಕೆಟ್ಟಿದ್ದರೆ ಆ ಲೇಬಲ್ ನಂಬಿಕೊಂಡು ತಯಾರಕ ನಿದ್ದೆ ಮಾಡುವ ಹಾಗಿಲ್ಲ. ಒಂದು ತಮಾಷೆ ನೋಡಿ. ಅಮೆರಿಕದ ಪ್ಯಾರಾಚೂಟ್ ಸಂಘದ ಕಚೇರಿ ಇರುವುದು ವರ್ಜೀನಿಯಾದಲ್ಲಿ. ಮೈಗೆ ಪೆಟ್ಟಾಗುವ ಮೊದಲೇ ಹಕ್ಕು ಬಿಟ್ಟುಕೊಡುವ ಇಂಥ ಕಾಗದಗಳಿಗೆ ಆ ರಾಜ್ಯದಲ್ಲಿ ಬೆಲೆಯೇ ಇಲ್ಲ.

ಇಷ್ಟು ಓದಿ ನಿಮಗೆ ಖುಷಿಯಾಗಿರಬಹುದು. ಸ್ವಲ್ಪ ತಣ್ಣೀರು ಹಾಕುತ್ತೇನೆ. 1978ರಲ್ಲಿ ಅಲ್ಲಿ ಇನ್ನೊಂದು ತೀರ್ಪು ಬಂತು. ಕಾರು ಫ್ರೀವೇಯ ಕಂಬಿಗೆ ಬಡಿದು, ಬಾಗಿಲು ತೆರೆದುಕೊಂಡು, ಚಾಲಕ ಹೊರಗೆಸೆಯಲ್ಪಟ್ಟು ಸತ್ತಿದ್ದ. ಬಾಗಿಲ ಚಿಲಕದ ವಿನ್ಯಾಸ ಸರಿಯಿಲ್ಲ ಎಂದು ಮನೆಯವರು. ಅವನು ಸೀಟ್ ಬೆಲ್ಟ್ ಹಾಕಿರಲಿಲ್ಲ, ಬಾಗಿಲು ಲಾಕ್ ಮಾಡಿರಲಿಲ್ಲ, ಕುಡಿದಿದ್ದ ಎಂದು ಕಂಪನಿ. ಸರಕಿನ ದೋಷದ ದಾವೆಯಲ್ಲೂ ಬಳಸಿದವನ ತಪ್ಪನ್ನು ತೂಗಬೇಕು, ಅಷ್ಟು ಪಾಲು ಪರಿಹಾರದಲ್ಲಿ ಕಳೆಯಬೇಕು ಎಂದಿತು ಕೋರ್ಟು.

ಆ ತಕ್ಕಡಿಯಲ್ಲಿ ನಿಮ್ಮ ಮಗನನ್ನು ಕೂರಿಸಿ. 84 ಕೆಜಿ ಮನುಷ್ಯ, ಸಾಮಾನು ಸೇರಿ 95 ಅನ್ನಿ. ಅಂದರೆ ಹತ್ತಿರಹತ್ತಿರ 209 ಪೌಂಡ್. ಬಟ್ಟೆ 150 ಚದರ ಅಡಿ. ಭಾಗಿಸಿದರೆ 1.4ರ ಹತ್ತಿರ ಬರುತ್ತದೆ. ಇದಕ್ಕೆ ವಿಂಗ್ ಲೋಡಿಂಗ್ ಅನ್ನುತ್ತಾರೆ. ಇದು ಜಾಸ್ತಿಯಾದಷ್ಟೂ ಪ್ಯಾರಾಚೂಟ್ ಓಡುತ್ತದೆ, ತಪ್ಪಿಗೆ ಕ್ಷಮೆ ಕಡಿಮೆ. 160 ಜಂಪ್ ಮಾಡಿದವನಿಗೆ 1.4 ತುಸು ಅವಸರದ ಸಂಖ್ಯೆ. ಅನುಭವಕ್ಕೆ ತಕ್ಕ ಹಾಗೆ ಎಷ್ಟು ಭಾರ ಅಂತ ತಯಾರಕರು ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ಕೋರ್ಟಿಗೆ ಬರುತ್ತದೆ, ಖಂಡಿತ. ಅಲ್ಲಿಗೆ 'ದಾರ ಹರಿಯಿತು' ಎನ್ನುವ ನಿಮ್ಮ ಕಥೆಯ ಪಕ್ಕದಲ್ಲಿ 'ದೊಡ್ಡ ಪ್ಯಾರಾಚೂಟ್ ಆಗಿದ್ದರೆ ಇದೇ ದಾರ ಹರಿದರೂ ಕಾಲು ಉಳುಕಿ ಎದ್ದು ಬರುತ್ತಿದ್ದ' ಎನ್ನುವ ಅವರ ಕಥೆ ನಿಲ್ಲುತ್ತದೆ. ಎರಡೂ ನಿಜ ಇರಬಹುದು.

ಹೊಣೆ ಎಷ್ಟು ಬೆರೆತುಹೋಗಿದೆ ಅಂದರೆ, ತಯಾರಕರೇ ಇದರ ಬಗ್ಗೆ ನಗುತ್ತಾರೆ. ಪ್ಯಾರಾಚೂಟನ್ನು ಒಂದೇ ಎಳೆತಕ್ಕೆ ಕಳಚುವ ಮೂರು ಉಂಗುರದ ಕೊಂಡಿ ಕಂಡುಹಿಡಿದವರು ಬಿಲ್ ಬೂತ್. ಸಾವಿರಾರು ಜೀವ ಉಳಿಸಿದ ಕೊಂಡಿ ಅದು. ಸಲಕರಣೆ ಸುರಕ್ಷಿತವಾದಷ್ಟೂ ಹಾರುವವರು ಹೊಸ ಹೊಸ ಸಾಹಸಕ್ಕೆ ಕೈಹಾಕಿ ಸಾವಿನ ಲೆಕ್ಕ ಸರಿದೂಗಿಸುತ್ತಾರೆ ಎಂಬುದು ಅವರ ಪ್ರಸಿದ್ಧ ಮಾತಿನ ತಿರುಳು. ಲೆಕ್ಕ ಇಳಿದಿದೆ, ಇಲ್ಲ ಅನ್ನಬಾರದು. 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಂಪ್‌ಗೆ 10 ಸಾವು. 1970ರ ದಶಕದಲ್ಲಿ ವರ್ಷಕ್ಕೆ 40ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಆದರೆ ಈಗ ಪೆಟ್ಟು ತಿನ್ನುವವರಲ್ಲಿ ಬಹಳ ಜನ ತಿನ್ನುವುದು ಪೂರ್ತಿ ಬಿಚ್ಚಿಕೊಂಡ, ಎಲ್ಲ ಸರಿಯಿದ್ದ ಪ್ಯಾರಾಚೂಟಿನ ಕೆಳಗೆ, ಇಳಿಯುವಾಗ.

ಆ ಬೂತ್ ಅವರು ಫ್ಲೋರಿಡಾದಲ್ಲಿ ಕಟ್ಟಿದ ಕಂಪನಿಯ ಹೆಸರು ಏನು ಗೊತ್ತಾ? ದಿ ಅನ್‌ಇನ್ಶೂರ್ಡ್ ರಿಲೇಟಿವ್ ವರ್ಕ್‌ಶಾಪ್. ವಿಮೆ ಇಲ್ಲ ಎಂದು ಬೋರ್ಡಿನಲ್ಲೇ ಬರೆದುಕೊಂಡ ಹಾಗೆ. ಇದು ನಗುವ ವಿಷಯ ಮಾತ್ರವಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ. ಡಿಕ್ರಿ ಬಂದಮೇಲೆ ವಸೂಲಿ ಯಾರಿಂದ ಅನ್ನುವುದನ್ನು ದಾವೆ ಹಾಕುವ ಮುಂಚೆ ಯೋಚಿಸಿ. ದೋಷದ ಪ್ರಕರಣದಲ್ಲಿ ತಜ್ಞರಿಗೆ ಕೊಡುವ ಫೀಸೇ ಕಾರಿನ ಬೆಲೆ ಮುಟ್ಟಬಹುದು.

ಕೊನೆಗೆ ಮೂರು ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಮೈಗಾದ ಪೆಟ್ಟಿನ ದಾವೆಗೆ ಸಾಮಾನ್ಯವಾಗಿ 2 ವರ್ಷದ ಗಡುವು, ಅಪಘಾತದ ತಾರೀಕು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮಾರಿದವನಿಂದ ಹಳೇ ಕಾಗದಗಳನ್ನೆಲ್ಲ ಕೇಳಿ ಪಡೆಯಿರಿ, ದಾರ ಯಾವಾಗ ಹಾಕಿದ್ದು, ಎಷ್ಟು ಜಂಪ್ ಆಗಿದೆ ಅಂತ. ಸ್ನೇಹವಿದ್ದಾಗಲೇ ಕೇಳಿ, ನೋಟಿಸು ಹೋದಮೇಲೆ ಯಾರೂ ಕೊಡುವುದಿಲ್ಲ. ನಂತರ ಅಲ್ಲಿನ ವಕೀಲರೊಬ್ಬರ ಹತ್ತಿರ ಹೋಗಿ. ನಾನು ಅಲ್ಲಿ ವಕಾಲತ್ತು ಮಾಡುವವನಲ್ಲ. ನನ್ನ ಅನಿಸಿಕೆ ಕೇಳಿದರೆ: ತುದಿ ಜುಂಗಾಗಿದ್ದರೆ ದಾವೆ ಬೇಡ. ಹೊಲಿಗೆ ಜಾರಿದ್ದರೆ ಹೆಂಡತಿಯ ಮಾತು ಕೇಳಬೇಡಿ.

ಪ್ರಶ್ನೆ: ಸರ್, ನನ್ನ ಮಗಳು ಕಾಲೇಜು ಗೆಳತಿಯರ ಜೊತೆ ಬೇರೆ ರಾಜ್ಯಕ್ಕೆ ಟೂರ್ ಹೋದವಳು ಅಲ್ಲಿ ಒಂದು ಕಡೆ ಟ್ಯಾಂಡಮ್ ಜಂಪ್ ಮಾಡಿದ್ದಾಳೆ. ಹಿಂದೆ ತರಬೇತುದಾರ, ಮುಂದೆ ಇವಳು. ಇಳಿಯುವಾಗ ಕಾಲು ಎತ್ತಬೇಕಿತ್ತಂತೆ, ಇವಳು ಎತ್ತಿಲ್ಲ. ಪಾದದ ಗಂಟು ಮುರಿದಿದೆ, ಆಪರೇಷನ್ ಆಯಿತು. ಕೇಳಿದರೆ 'ನಿಮ್ಮ ಮಗಳದೇ ತಪ್ಪು, ಫಾರಂ ಮೇಲೆ ಸಹಿ ಇದೆ' ಅನ್ನುತ್ತಾರೆ. ಅವರು ಹೇಳಿಕೊಟ್ಟಿದ್ದು ಐದು ನಿಮಿಷ, ಅದೂ ಹಿಂದಿಯಲ್ಲಿ. ನಮ್ಮ ಹುಡುಗಿಗೆ ಹಿಂದಿ ಅಷ್ಟಕ್ಕಷ್ಟೇ. ವಿಮೆಯವರೂ 'ಇದು ಸಾಹಸ ಕ್ರೀಡೆ, ಬರುವುದಿಲ್ಲ' ಎಂದಿದ್ದಾರೆ.
*ಒಬ್ಬ ತಾಯಿ, ಅರಸೀಕೆರೆ*

ಉತ್ತರ: ತಾಯಿ, ನಿಮ್ಮದು ಫ್ರೀಮಾಂಟ್‌ನವರ ಕೇಸಿಗಿಂತ ಗಟ್ಟಿ ಇದೆ. ಇಲ್ಲಿ ಪ್ಯಾರಾಚೂಟ್ ಮಾಡಿದ ಕಂಪನಿಯನ್ನು ಎಳೆಯಬೇಡಿ. ಪ್ಯಾರಾಚೂಟ್ ತನ್ನ ಕೆಲಸ ಮಾಡಿದೆ.

2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 84ನೇ ಸೆಕ್ಷನ್ ತಯಾರಕರ ಹೊಣೆ, 85 ಸೇವೆ ಕೊಡುವವರ ಹೊಣೆ, 86 ಮಾರುವವರ ಹೊಣೆ. ನಿಮಗೆ ಬೇಕಾದ್ದು 85. ಅಪಾಯ ತಪ್ಪಿಸಲು ಬೇಕಾದ ಸೂಚನೆ, ಎಚ್ಚರಿಕೆಗಳನ್ನು ಸಾಕಷ್ಟು ಕೊಡದಿದ್ದರೆ ಸೇವೆ ಕೊಟ್ಟವರು ಹೊಣೆ ಎಂದು ಅಲ್ಲಿ ಬರೆದೇ ಇದೆ. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಸೂಚನೆ ಸೂಚನೆಯೇ? ಕಾಲು ಎತ್ತುವುದು ಟ್ಯಾಂಡಮ್‌ನಲ್ಲಿ ಪ್ರಯಾಣಿಕರು ಮಾಡಬೇಕಾದ ಮುಖ್ಯ ಕೆಲಸಗಳಲ್ಲಿ ಒಂದು. ನೆಲದ ಮೇಲೆ ಹಾರ್ನೆಸ್ ಹಾಕಿಸಿ, 'ಎತ್ತಮ್ಮ' ಅಂದಾಗ ಅವಳು ಎತ್ತುತ್ತಾಳಾ ಅಂತ ಎರಡು ಸಲ ಮಾಡಿಸಿ ನೋಡಿ, ಆಮೇಲೆ ವಿಮಾನ ಹತ್ತಿಸಬೇಕು. ಮಾಡಿಸಿದರಾ ಅಂತ ಮಗಳನ್ನು ಕೇಳಿ. ಗೆಳತಿಯರಲ್ಲಿ ಯಾರಾದರೂ ಮೊಬೈಲಲ್ಲಿ ಆ ಐದು ನಿಮಿಷ ರೆಕಾರ್ಡ್ ಮಾಡಿದ್ದಾರಾ ನೋಡಿ. ಈಗಿನ ಹುಡುಗಿಯರು ಮಾಡಿರುತ್ತಾರೆ. ಜಂಪಿನ ವಿಡಿಯೊ ದುಡ್ಡು ತಗೊಂಡು ಕೊಟ್ಟಿರುತ್ತಾರಲ್ಲ, ಕೊನೆಯ ಇಪ್ಪತ್ತು ಸೆಕೆಂಡು ಶಬ್ದ ಜೋರು ಮಾಡಿ ಕೇಳಿ. 'ಪೈರ್ ಉಠಾವ್' ಅಂತ ಎಷ್ಟು ಸಲ ಕೂಗಿದ್ದಾರೆ, ಇವಳು ಏನು ಮಾಡಿದಳು ಎಲ್ಲ ಅಲ್ಲಿದೆ.

ಸಹಿಯ ವಿಷಯ. ಸಹಿ ಇದೆ ಎಂದ ಮಾತ್ರಕ್ಕೆ ದೂರು ವಜಾ ಆಗಬೇಕಿಲ್ಲ. ಹಾರುವುದರಲ್ಲಿ ಅಪಾಯ ಇದೆ ಎಂದು ಅವಳು ಒಪ್ಪಿದ್ದಾಳೆ. ಹೇಳಿಕೊಡದೆ ಹಾರಿಸಿ ಎಂದು ಒಪ್ಪಿಲ್ಲ. ಆ ಫಾರಂ ಕರಾರೇ ಅನ್ಯಾಯದ್ದು ಎಂದು ಪ್ರಶ್ನಿಸಬೇಕಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಬರೀ ಸೇವಾ ನ್ಯೂನತೆ ಎಂದರೆ ಜಿಲ್ಲಾ ಆಯೋಗ ಸಾಕು. ಜಂಪ್ ಎಲ್ಲೇ ಆಗಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಹಾಸನದಲ್ಲೇ ದೂರು ಕೊಡಬಹುದು. ಹೊಸ ಕಾಯ್ದೆಯ ಒಂದು ಒಳ್ಳೆ ಕೆಲಸ ಇದು. ಗಡುವು ಇಲ್ಲೂ 2 ವರ್ಷ. ದೂರು ಮಗಳ ಹೆಸರಲ್ಲಿರಲಿ.

ವಿಮೆಯವರ ಮಾತನ್ನು ಹಾಗೇ ನುಂಗಬೇಡಿ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ 'ಎಕ್ಸ್‌ಕ್ಲೂಷನ್ 09' ಎಂಬ ಸಿದ್ಧ ಷರತ್ತು ಇರುತ್ತದೆ. ಸ್ಕೈಡೈವಿಂಗ್ ಹೆಸರೂ ಅದರಲ್ಲಿದೆ, ನಿಜ. ಆದರೆ ಪೂರ್ತಿ ಓದಿ. ಸಾಹಸ ಕ್ರೀಡೆಯಲ್ಲಿ 'ವೃತ್ತಿಪರರಾಗಿ' ಭಾಗವಹಿಸಿ ಪೆಟ್ಟಾದರೆ ಕೊಡುವುದಿಲ್ಲ ಎನ್ನುತ್ತದೆ ಅದು. ಟೂರ್ ಹೋಗಿ ಒಂದು ಸಲ ಹಾರಿದ ಬಿ.ಕಾಂ. ಹುಡುಗಿ ಯಾವ ಸೀಮೆ ವೃತ್ತಿಪರಳು? ನಿಮ್ಮ ಪಾಲಿಸಿಯಲ್ಲಿ ಆ ಪದ ಇದೆಯಾ ನೋಡಿ. ಇದ್ದರೆ ಅದಕ್ಕೆ ಕೆಂಪು ಇಂಕಿನಲ್ಲಿ ಗೆರೆ ಹಾಕಿ, ತಿರಸ್ಕಾರವನ್ನು ಲಿಖಿತವಾಗಿ ಕೊಡಿ ಎಂದು ಕೇಳಿ. ಆಮೇಲೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ವಕೀಲರೂ ಬೇಡ.

ಇನ್ನೊಂದು ಮಾತು. ಮಗಳಿಗೆ ಬೈದಿದ್ದೀರಿ ಅಂತ ಪತ್ರದ ಕೊನೆಗೆ ಬರೆದಿದ್ದೀರಿ (ಆ ಭಾಗ ನಾನು ತೆಗೆದಿದ್ದೇನೆ). ಬೈಯಬೇಡಿ. ಕೇಸಿಗೂ ಒಳ್ಳೇದಲ್ಲ, ಅವಳೇ ಮುಖ್ಯ ಸಾಕ್ಷಿ.

ಪ್ರಶ್ನೆ: ಅಪಾಯ ಗೊತ್ತಿದ್ದೂ ಹಾರಿದವರಿಗೆ ತಯಾರಕರು ಪರಿಹಾರ ಕೊಡುತ್ತಾ ಹೋದರೆ ತಯಾರಿಸುವವರೇ ಉಳಿಯುವುದಿಲ್ಲ ಅಲ್ವಾ ಸರ್?
*ಕಾನೂನು ವಿದ್ಯಾರ್ಥಿ, ಧಾರವಾಡ*

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಅಮೆರಿಕದಲ್ಲಿ ಸಣ್ಣ ವಿಮಾನಗಳ ವಿಷಯದಲ್ಲಿ ಹಾಗೇ ಆಯಿತು. ದಾವೆಗಳ ಮೇಲೆ ದಾವೆ ಬಿದ್ದು ಸೆಸ್ನಾ ಕಂಪನಿ 1986ರಲ್ಲಿ ತನ್ನ ಸಣ್ಣ ಪಿಸ್ಟನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 1994ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಂದು ಕಾನೂನು ತಂದು, 18 ವರ್ಷ ದಾಟಿದ ಸಣ್ಣ ವಿಮಾನಕ್ಕೆ ತಯಾರಕರ ಹೊಣೆ ಮುಗಿಯಿತು ಎಂದಮೇಲೆ ಮತ್ತೆ ಕಾರ್ಖಾನೆ ತೆರೆಯಿತು.

ಆದರೆ 'ಅಪಾಯ ಗೊತ್ತಿತ್ತು' ಅಂದರೆ ಯಾವ ಅಪಾಯ? ಕಂಬಳದ ಗದ್ದೆಯಲ್ಲಿ ಓಡುವವನು ಜಾರಿ ಬೀಳುವುದು ಆಟದ ಪಾಲು. ನೊಗ ಮುರಿದು ಎದೆಗೆ ಬಡಿದರೆ ಅದು ಬಡಗಿಯ ಪಾಲು. ಗಾಳಿ ತಿರುಗುವುದನ್ನು ಹಾರುವವನು ಒಪ್ಪಿಕೊಂಡಿರುತ್ತಾನೆ, ಬಿಟ್ಟುಹೋದ ಹೊಲಿಗೆಯನ್ನಲ್ಲ.

ಎಷ್ಟೋ ಸಲ ಹಾರಿದವನು, ತಯಾರಿಸಿದವನು ಇವರಿಬ್ಬರೂ ಅಲ್ಲದೆ ಮೂರನೆಯವನಿರುತ್ತಾನೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಲೋಡಿ ಬಳಿ 18 ವರ್ಷದ ಹುಡುಗ, ಅವನನ್ನು ಕಟ್ಟಿಕೊಂಡು ಹಾರಿದ 25 ವರ್ಷದ ತರಬೇತುದಾರ ಇಬ್ಬರೂ ಸತ್ತರು. ಆ ತರಬೇತುದಾರನಿಗೆ ಸರಿಯಾದ ಅರ್ಹತೆಯೇ ಇರಲಿಲ್ಲ. ಅವನಿಗೆ ಕಲಿಸಿದವನ ಅಧಿಕಾರವನ್ನು ಮೊದಲೇ ತಡೆಹಿಡಿದಿದ್ದರು, ಆದರೂ ಬೇರೊಬ್ಬರ ಸಹಿ ಬಳಸಿ ಕಾಗದ ಮಾಡಿಕೊಟ್ಟಿದ್ದ. 2021ರಲ್ಲಿ ಹುಡುಗನ ಮನೆಯವರಿಗೆ 4 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಕಲಿಸಿದವನು 2024ರಲ್ಲಿ ವಂಚನೆ ಕೇಸಿನಲ್ಲಿ ಅಪರಾಧಿಯಾದ. ಪರೀಕ್ಷೆಗೆ ಓದುವಾಗ ಈ ಮೂರನೆಯವನನ್ನು ಮರೆಯಬೇಡಿ.

ಪ್ರಶ್ನೆ: ಮಡಚುವ ಕಥೆ ತುಂಬ ಹೇಳ್ತೀರಿ. ನೀವು ಒಂದು ಸಲವಾದರೂ ಹಾರಿದ್ದೀರಾ ವಕೀಲರೇ?
*ಹಳೇ ಓದುಗ, ಮಂಡ್ಯ*

ಉತ್ತರ: ಹಾರಿದ್ದೇನೆ. ಐದು ಸಲ ಅಂತ ಶುರು ಮಾಡಿದ್ದು, ಮೂರಕ್ಕೇ ನಿಂತಿತು. 1986, ಆಗ್ರಾ. ಅಲ್ಲಿನ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಪೋಸ್ಟಿಂಗ್. ಮಡಚುವವನೂ ಒಮ್ಮೆ ಹಾರಿ ನೋಡಲಿ ಅನ್ನಿಸಿ ಹೆಸರು ಕೊಟ್ಟೆ. ಮಲ್ಪುರಾ ಮೈದಾನ. 1,250 ಅಡಿ. ಮೊದಲೆರಡು ಜಂಪ್ ಚೆನ್ನಾಗಿ ಆಯಿತು, ಹಾಗಾಗಿ ಮೂರನೆಯದರಲ್ಲಿ ಸ್ವಲ್ಪ ಕೊಬ್ಬು ಬಂದಿತ್ತು. ಕೆಳಗೆ ಇನ್‌ಸ್ಟ್ರಕ್ಟರ್ ಕೈಮೈಕ್ ಹಿಡಿದು 'ಪೈರ್ ಜೋಡ್ ಕೇ, ಪೈರ್ ಜೋಡ್ ಕೇ' (ಕಾಲು ಜೋಡಿಸು) ಅಂತ ಒಂದೇ ಸಮನೆ ಕೂಗುತ್ತಿದ್ದರು. ಏಳು ವರ್ಷ ಉತ್ತರ ಭಾರತದಲ್ಲಿದ್ದವನು, ನನಗೆ ಹಿಂದಿ ಚೆನ್ನಾಗೇ ಬರುತ್ತಿತ್ತು. ಆದರೂ ನೆಲ ಹತ್ತಿರ ಬಂದಾಗ ಬಸ್ಸಿಂದ ಇಳಿಯುವವನ ಹಾಗೆ ಬಲಗಾಲು ಮುಂದೆ ಚಾಚಿದೆ. ಗಂಟು ಸೀಳಿತು. ವರದಿಯಲ್ಲಿ ಒಂದೇ ಸಾಲು: ಜಂಪರ್ ತಪ್ಪು.

ಆ ದಿನ ನನ್ನ ಪ್ಯಾರಾಚೂಟ್ ಮಡಚಿದವನು ಗದಗದ ಕಡೆಯ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಲಾಗ್ ಕಾರ್ಡಿನಲ್ಲಿ ಅವನ ಸಹಿ. ಸುದ್ದಿ ಕೇಳಿ ಪ್ಯಾಕಿಂಗ್ ಹಾಲಿನಿಂದ ಸಿಕ್ ಕ್ವಾರ್ಟರ್ಸ್‌ವರೆಗೂ ಓಡಿಬಂದಿದ್ದ. ಮಂಚದ ಹತ್ತಿರ ಬಂದು ಏದುಸಿರು ಬಿಡುತ್ತಾ ಕೇಳಿದ ಮೊದಲ ಮಾತು, 'ಅಣ್ಣಾ, ಪೂರಾ ತೆರೀತಿಲ್ಲೋ?'

'ಪೂರಾ ತೆರೀತು ಮಾರಾಯ' ಅಂದೆ.

ಆಮೇಲೇ ಅವನು ಕೂತದ್ದು. ಕೂತಮೇಲೇ ನನ್ನ ಕಾಲು ನೋಡಿದ್ದು.